ನಾಲ್ಕನೆಯ ಸ್ಕ್ರೂ

"ನೋಡ್ಕೊಳ್ರಪ್ಪಾ, ಎಲ್ಲಾರೂ ಕಣ್ತುಂಬಾ ನೋಡ್ಕೊಳ್ಳಿ! ಕೊಂದವನೇ ಬಂದು ಸಾವಿನ ಮನೆ ಸ್ಯಾಂಡ್‌ವಿಚ್ ತಿಂತಿದಾನೆ!"

ಚೆಂಡುರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಹಾಲಿನಲ್ಲಿ ಅರವತ್ತು ಜನರ ಮಾತು ಒಂದೇ ಸಲಕ್ಕೆ ನಿಂತುಹೋಯಿತು. ಚಹಾ ಬಗ್ಗಿಸುತ್ತಿದ್ದ ಹೆಂಗಸಿನ ಕೈ ಅಲ್ಲೇ ನಿಂತು ಕಪ್ಪು ತುಂಬಿ ಮೇಜಿನ ಮೇಲೆ ಹರಿಯಿತು.

ಕೂಗಿದವನು ಗ್ಲೆನ್ ಕಾರ್ಮೊಡಿ. ಆ ದಿನ ಮಣ್ಣಾದ ಲೆನ್ ಕಾರ್ಮೊಡಿಯ ಅಣ್ಣನ ಮಗ. ಮನೆ ಮಾರಿಸಿ ಕಮಿಷನ್ ತಿಂದು ಬೆಳೆಸಿದ ಮೈ, ಅದಕ್ಕೆ ಸಾಲದ ಕಪ್ಪು ಸೂಟು. ಅವನ ಬೆರಳು ಗೋಡೆಗಂಟಿ ನಿಂತಿದ್ದ ಜೇಡನ್ ಸ್ಪಿಟೆರಿಯ ಎದೆಗೆ ನೆಟ್ಟಿತ್ತು.

ಜೇಡನ್‌ಗೆ ಇಪ್ಪತ್ತನಾಲ್ಕು. ವೈರಿಂಗ್ ಲೈಸನ್ಸ್ ಕೈಗೆ ಬಂದು ಹದಿನಾಲ್ಕು ತಿಂಗಳು. ಲೆನ್ ಮುದುಕನ ಹಿತ್ತಲ ಶೆಡ್ಡಿಗೆಂದೇ ಮನೆಯ ಬೋರ್ಡಿನಿಂದ ಬೇರೆ ಲೈನ್ ಎಳೆದುಕೊಟ್ಟವನು ಅವನೇ. ಕಳೆದ ಶನಿವಾರ ಬೆಳಿಗ್ಗೆ ಆ ಲೈನಿಗೆ ಮರ ಕಡೆಯುವ ಹೊಸ ಲೇತ್ ಯಂತ್ರ ಚುಚ್ಚಿ, ಅದರ ಕಬ್ಬಿಣದ ಮೈಗೆ ಕೈ ಇಟ್ಟ ಲೆನ್ ಮತ್ತೆ ಕೈ ತೆಗೆಯಲಿಲ್ಲ.

"ಒಂಬತ್ತನೇ ಕ್ಲಾಸಲ್ಲಿ ಸ್ಕೂಲಿಂದ ಒದ್ದು ಓಡ್ಸಿದ್ರು ಇವನನ್ನ," ಗ್ಲೆನ್ ಸುತ್ತ ತಿರುಗಿ ಎಲ್ಲರಿಗೂ ಹಂಚಿದ. "ತನ್ನ ಹೆಸರು ಬರಿಯೋಕೆ ಪೆನ್ನು ಮೂರು ಸಲ ಎತ್ತಿ ಇಡೋ ಗಿರಾಕಿ. ಇಂಥವನ ಕೈಗೆ ಕರೆಂಟು ಕೊಟ್ಟಿದೀವಲ್ಲ, ನಾವು ದಡ್ಡರೋ ಇವನು ದಡ್ಡನೋ? ಕೆಂಪು ವೈರ್ ಯಾವ್ದು, ಹಸಿರು ವೈರ್ ಯಾವ್ದು ಅಂತನೂ ಗೊತ್ತಾಗ್ಲಿಲ್ವೇನೋ ನಿಂಗೆ?"

ಜೇಡನ್‌ನ ಕೈಯಲ್ಲಿದ್ದ ಕಾಗದದ ತಟ್ಟೆ ಮಡಚಿಕೊಂಡಿತು. "ಗ್ಲೆನ್, ನಾನು ಎಳೆದ ಲೈನಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ."

"ತಪ್ಪಿಲ್ವಾ? ಹಾಗಾದ್ರೆ ಬೇಕೂಂತ್ಲೇ ಕೊಂದ್ಯಾ?"

ಯಾರೂ ನಗಲಿಲ್ಲ. ನಕ್ಕಿದ್ದರೂ ತಡೆದುಕೊಳ್ಳಬಹುದಿತ್ತು. ಚಿಕ್ಕಂದಿನಿಂದ ಅವನನ್ನು ಬಲ್ಲ ಜನ, ಅವನ ಕೈಯಲ್ಲಿ ಗೀಸರು ಫ್ಯಾನು ರಿಪೇರಿ ಮಾಡಿಸಿಕೊಂಡ ಜನ, ನೆಲ ನೋಡುತ್ತ ನಿಂತಿದ್ದರು. ತಮ್ಮ ತಮ್ಮ ಮನೆಯ ಸ್ವಿಚ್ಚುಗಳನ್ನು ನೆನೆಯುತ್ತಿದ್ದಾರೆ ಎಂದು ಜೇಡನ್‌ಗೆ ಗೊತ್ತಾಯಿತು.

"ಇದೊಂದು ಬೇರೆ ಕೇಡು!" ಗ್ಲೆನ್ ಕೈಯಲ್ಲಿದ್ದ ಪ್ರಾರ್ಥನೆಯ ಪುಸ್ತಿಕೆಯನ್ನು ಬೀಸಿದ. ಅದರ ಹಿಂಬದಿಯಲ್ಲಿ ಲೆನ್‌ನ ಕೊನೆಯ ಫೋಟೋ ಅಚ್ಚಾಗಿತ್ತು: ಶೆಡ್ಡಿನ ಗೋಡೆಯ ಪ್ಲಗ್ ಪಾಯಿಂಟಿನ ಪಕ್ಕದಲ್ಲಿ, ಸ್ಕ್ರೂಡ್ರೈವರ್ ಹಿಡಿದು, ಹಲ್ಲು ಬಿಟ್ಟು ನಗುತ್ತಿರುವ ಮುದುಕ. "ಚಿಕ್ಕಪ್ಪನ್ನ ಕೊಂದ ಡಬ್ಬಿ ಪಕ್ಕಾನೇ ನಿಲ್ಸಿ ತೆಗೆದಿದ್ದು! ಚಿಕ್ಕಮ್ಮಂಗೆ ಬೇರೆ ಫೋಟೋನೇ ಸಿಗ್ಲಿಲ್ಲ!"

ಜೇಡನ್‌ನ ಮುಷ್ಟಿ ಎದ್ದಿತ್ತು. ಎದ್ದದ್ದು ಅವನಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅಗಲವಾದ ಒಂದು ಕೈ ಅವನ ಹೆಗಲ ಮೇಲೆ ಬಿತ್ತು.

"ಬೇಡ ಮಗಾ. ಹೊರಗೆ ನಡಿ."

ವಿಮ್ ಹೋಫ್‌ಲ್ಯಾಂಡ್. ಅವನ ಬಾಸು, ಅವನ ಗುರು. ಜೇಡನ್ ಹದಿನೈದರಲ್ಲಿ, ಮುಚ್ಚಿದ ಪವರ್‌ಹೌಸಿನಿಂದ ತಾಮ್ರದ ತಂತಿ ಕದ್ದು ಸಿಕ್ಕಿಬಿದ್ದಾಗ ಪೊಲೀಸಿಗೆ ಒಪ್ಪಿಸದೆ, ಸೊಂಟಕ್ಕೆ ಟೂಲ್ ಬೆಲ್ಟ್ ಕಟ್ಟಿದವರು. ಅಪ್ಪ ಎಂದರೆ ಯಾರು ಎಂದು ಕೇಳಿದರೆ ಜೇಡನ್ ತೋರಿಸುತ್ತಿದ್ದುದು ಅವರನ್ನೇ.

ಹೊರಗೆ ಏಪ್ರಿಲ್ಲಿನ ಬಿಸಿಲು ತೆಳ್ಳಗಿತ್ತು; ಮೆಲ್ಬರ್ನ್ ಸೀಮೆಯಲ್ಲಿ ಅದು ಚಳಿ ಶುರುವಾಗುವ ಕಾಲ. ದೂರದಲ್ಲಿ ಪವರ್‌ಹೌಸಿನ, ಹೊಗೆ ಬಿಡದ ನಾಲ್ಕು ಚಿಮಣಿಗಳು. ನರ್ಲಾಬಿ ಊರಿನ ಅರ್ಧ ಗಂಡಸರು ಅವುಗಳ ಕೆಳಗೆ ದುಡಿದವರು. ಲೆನ್ ದುಡಿದಿದ್ದ, ವಿಮ್ ದುಡಿದಿದ್ದರು.

"ಏನ್ ಮಾಡ್ಲಿ ಬಾಸ್?" ಜೇಡನ್ ಕೇಳಿದ.

"ಕೇಳು. ಸೋಮವಾರ ಹತ್ತು ಗಂಟೆಗೆ ಮೆಲ್ಬರ್ನ್‌ನಿಂದ ತಜ್ಞ ಬರ್ತಾನೆ. ನಿನ್ನೆದುರೇ ಆ ಡಬ್ಬಿ ಬಿಚ್ತಾರೆ. ಬಿಚ್ಚೋಕೆ ಮುಂಚೆ ನೀನೇ ಬಾಯಿ ಬಿಟ್ಟು ಹೇಳ್ಬಿಡು. ತಪ್ಪಾಗೋಯ್ತು, ಅರ್ಥಿಂಗ್ ಜಾಗಕ್ಕೆ ಕರೆಂಟಿರೋ ಫೇಸ್ ವೈರ್ ಹೋಯ್ತು ಅಂತ."

"ಆದ್ರೆ ನಾನು ಹಾಗೆ ಮಾಡಿಲ್ಲ!"

"ಲೇತಿನ ಮೈಗೆಲ್ಲ ಕರೆಂಟು ಬಂದಿತ್ತಲ್ಲ, ಅದು ಸುಮ್ನೆ ಬಂತಾ?"

"ಹಾಗೇ ಬಂದಿದ್ರೂ ಸೇಫ್ಟಿ ಸ್ವಿಚ್ಚು ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಕೆಳಗೆ ಬಿದ್ದು ಕರೆಂಟು ನಿಲ್ಲಿಸ್ಬೇಕಿತ್ತು. ನಾನು ಆ ಲೈನಿಗೆ ಸೇಫ್ಟಿ ಸ್ವಿಚ್ಚೇ ಹಾಕಿದ್ದು ಬಾಸ್. ಈಗ ನೋಡಿದ್ರೆ ಬೋರ್ಡಲ್ಲಿ ಮಾಮೂಲಿ ಬ್ರೇಕರ್ ಇದೆ ಅಂತಾರೆ, ಮನುಷ್ಯಂಗೆ ಶಾಕ್ ಹೊಡೆದ್ರೆ ಅದು ಬೀಳಲ್ಲ."

ವಿಮ್ ಅವನ ಕತ್ತಿನ ಹಿಂಭಾಗವನ್ನು ಮೆಲ್ಲಗೆ ಹಿಡಿದರು, ನಾಯಿಮರಿಯನ್ನು ಹಿಡಿದ ಹಾಗೆ. "ಹಾಕಿದೀನಿ ಅಂತ ನೀನು ನಂಬ್ಕೊಂಡಿದೀಯ ಮಗಾ. ಒಂದು ಸಲ ತಪ್ಪಾಯ್ತು ಅಂತ ಒಪ್ಕೊಂಡ್ರೆ ಲೈಸನ್ಸ್ ಹೋಗುತ್ತೆ, ಒಂದೆರಡು ವರ್ಷ ಒಳಗಿರ್ತೀಯ. ತಪ್ಪೇ ಇಲ್ಲ ಅಂತ ಹಟ ಹಿಡಿದ್ರೆ ಬೇಕೂಂತ ಮಾಡ್ದ ಅಂತಾರೆ. ಆಗ ನಿನ್ನ ತಲೆ ನರೆಯೋ ತನಕ ಬಾಗಿಲು ತೆಗೆಯಲ್ಲ."

ಅವರು ಒಳಗೆ ಹೋದರು. ಜೇಡನ್ ತನ್ನ ಹಿಂಬದಿ ತೆರೆದ ಹಳೇ ಯೂಟ್ ಗಾಡಿಗೆ ಒರಗಿ ನಿಂತ.

ಗ್ಲೆನ್ ಹೇಳಿದ್ದರಲ್ಲಿ ಒಂದು ನಿಜವಿತ್ತು. ಅಕ್ಷರಗಳು ಅವನ ಕಣ್ಣಿಗೆ ಚಿಕ್ಕಂದಿನಿಂದಲೂ ಕುಣಿಯುತ್ತಿದ್ದವು. ಅದಕ್ಕೇ ಸ್ಕೂಲು, ಅದಕ್ಕೇ ಬೆಂಚಿನ ಮೇಲೆ ನಿಲ್ಲಿಸಿ ಓದಿಸಿದ ಮಾಸ್ತರ, ಅದಕ್ಕೇ ಆ ಮಾಸ್ತರನ ಕಾರಿನ ಗಾಜಿಗೆ ಬಿದ್ದ ಕಲ್ಲು. ಆದರೆ ಬಣ್ಣ ಎಂದೂ ಕುಣಿದಿರಲಿಲ್ಲ. ಕೆಂಪು ಕೆಂಪೇ, ಹಸಿರು ಹಸಿರೇ.

ಅಥವಾ ಅವತ್ತು ಒಂದೇ ಒಂದು ಸಲ ಕುಣಿದವೋ?

ಆರು ದಿನದಿಂದ ಈ ಪ್ರಶ್ನೆ ಅವನನ್ನು ತಿನ್ನುತ್ತಿತ್ತು. ಆರು ದಿನದಿಂದ ಅವನು ಒಂದು ದೀಪದ ಸ್ವಿಚ್ಚನ್ನೂ ಮುಟ್ಟಿರಲಿಲ್ಲ.

"ಗಾಡಿ ತೆಗಿ ಕಂದಾ. ನನ್ನ ಮನೇಗೆ ಬಿಡು."

ಬೆಚ್ಚಿ ತಿರುಗಿದ. ಡಾಟ್ ಕಾರ್ಮೊಡಿ. ಲೆನ್‌ನ ಹೆಂಡತಿ, ಈಗ ವಿಧವೆ. ಸತ್ತ ಗಂಡನ ಮಾಸಿದ ಉಣ್ಣೆಯ ಸ್ವೆಟರನ್ನು ಕರಿ ಬಟ್ಟೆಯ ಮೇಲೇ ಹಾಕಿಕೊಂಡಿದ್ದರು.

"ಡಾಟ್, ನಿಮ್ಮ ಜನ ನನ್ನ ಜೊತೆ ನಿಮ್ಮನ್ನ ನೋಡಿದ್ರೆ—"

"ನೋಡ್ಲಿ. ಎಪ್ಪತ್ತು ವರ್ಷ ಆಯ್ತು, ಗ್ಲೆನ್‌ನ ಕೇಳಿ ಗಾಡಿ ಹತ್ತೋ ಗತಿ ಇನ್ನೂ ಬಂದಿಲ್ಲ."

ತಮ್ಮ ಅಡುಗೆಮನೆಗೆ ಬಂದ ಮೇಲೆ ಡಾಟ್ ಕರೆಂಟು ಕೆಟಲಿಗೆ ನೀರು ತುಂಬಿ, ಅದರ ವೈರನ್ನು ಬಿಚ್ಚಿ ಪಕ್ಕಕ್ಕಿಟ್ಟು, ಬೇರೆ ಪಾತ್ರೆಗೆ ಆ ನೀರು ಸುರಿದು ಗ್ಯಾಸ್ ಒಲೆಯ ಮೇಲಿಟ್ಟರು.

"ನೀವೂನಾ?" ಎಂದ ಜೇಡನ್.

"ನಾನೂನು. ರಾತ್ರಿ ಫ್ರಿಜ್ಜು ಗುರ್ ಅಂದ್ರೆ ಎದ್ದು ಕೂರ್ತೀನಿ." ಅವರ ಬೆಂಕಿಕಡ್ಡಿ ಎರಡು ಸಲ ಆರಿತು. "ಒಂದು ಮಾತು ಕೇಳ್ಬೇಕು. ಪೊಲೀಸಮ್ಮಂಗೂ ಹೇಳ್ದೆ, ಬರ್ಕೊಂಡ್ಲು. ಆದ್ರೆ ಗ್ಲೆನ್ ಪಕ್ಕದಲ್ಲೇ ನಿಂತು, 'ಚಿಕ್ಕಮ್ಮಂಗೆ ಈಚೆಗೆ ನೆನಪು ಸರಿ ಇಲ್ಲ' ಅಂತ ಕಣ್ಣು ಹೊಡೆದ. ನೀನು ಮಂಗಳವಾರ ಕೆಲಸ ಮುಗ್ಸಿದ್ಯಲ್ಲ?"

"ಹೂಂ."

"ಗುರುವಾರ ನಾನು ಚರ್ಚಿಗೆ ಹೂ ಜೋಡ್ಸೋಕೆ ಹೋದೆ. ಲೆನ್ ಬೌಲ್ಸಿಗೆ. ಇಪ್ಪತ್ತು ವರ್ಷದಿಂದ ಗುರುವಾರ ಮಧ್ಯಾಹ್ನ ಈ ಮನೇಲಿ ಯಾರೂ ಇರಲ್ಲ, ಊರಿಗೇ ಗೊತ್ತು. ಸಾಯಂಕಾಲ ಬಂದು ನೋಡಿದ್ರೆ..." ಬೆರಳು ಓವನಿನ ಪುಟ್ಟ ಗಡಿಯಾರದತ್ತ ಹೋಯಿತು. "ಇದು ಮಿಣಕ್ ಮಿಣಕ್ ಅಂತಿತ್ತು. ಹನ್ನೆರಡು, ಹನ್ನೆರಡು, ಹನ್ನೆರಡು."

ಜೇಡನ್‌ನ ಬೆನ್ನು ನೆಟ್ಟಗಾಯಿತು. ಮನೆಯ ಕರೆಂಟು ಹೋಗಿ ಬಂದರೆ ಮಾತ್ರ ಆ ಗಡಿಯಾರ ಹಾಗೆ ಮಿಣುಕುತ್ತದೆ.

"ಲೈನೇ ಹೋಗಿತ್ತೇನೋ. ಊರಿಗೆಲ್ಲ."

"ಪಕ್ಕದ ಮನೇಲಿ ಕೇಳ್ದೆ. ಎದುರು ಮನೇಲೂ ಕೇಳ್ದೆ. ಯಾರಿಗೂ ಹೋಗಿಲ್ಲ. ಲೆನ್ ಬೈಕೊಂಡು ಟೈಮು ಸರಿ ಮಾಡ್ದ. ಶುಕ್ರವಾರ ಲೇತ್ ಬಂತು. ಶನಿವಾರ..." ಅವರು ಪಾತ್ರೆಯತ್ತ ತಿರುಗಿಕೊಂಡರು.

ಜೇಡನ್ ಎಣಿಸಿದ. ಮಂಗಳವಾರದಿಂದ ಶುಕ್ರವಾರದ ತನಕ ಆ ಶೆಡ್ಡಿನಲ್ಲಿ ಓಡಿದ್ದು ಒಂದು ಪ್ಲಾಸ್ಟಿಕ್ ರೇಡಿಯೋ ಮಾತ್ರ. ಅರ್ಥಿಂಗಿನ ತೂತಿನಲ್ಲಿ ಏನು ಕೂತಿದೆಯೆಂದು ಎರಡೇ ಕಡ್ಡಿಯ ಪ್ಲಗ್ಗಿನ ರೇಡಿಯೋಗೆ ಗೊತ್ತಾಗುವುದಿಲ್ಲ. ಕಬ್ಬಿಣದ ಮೈಯಿರುವ ಯಂತ್ರಕ್ಕೆ ಗೊತ್ತಾಗುತ್ತದೆ. ಅದನ್ನು ಮುಟ್ಟಿದವನಿಗೆ ಗೊತ್ತಾಗುತ್ತದೆ.

ಗುರುವಾರ ಯಾರೋ ಬಂದಿದ್ದರು. ಬಂದು, ಮೊದಲು ಮನೆಯ ಮೈನ್ ಸ್ವಿಚ್ ಆರಿಸಿದ್ದರು. ಆಮೇಲೆ ಬೋರ್ಡಿಗೆ ಕೈ ಹಾಕಿದ್ದರು.

ಹಾಗಾದರೆ ತಪ್ಪು ತನ್ನದಲ್ಲ! ಒಂದು ಕ್ಷಣ ಅಳು ಬರುವಷ್ಟು ಹಗುರವಾಯಿತು. ಅದರ ಬೆನ್ನಿಗೇ ಮೈಯ ರೋಮವೆಲ್ಲ ಎದ್ದು ನಿಂತಿತು. ಕಳ್ಳನಾದವನು ಮೈನ್ ಆರಿಸುವುದಿಲ್ಲ. ಗ್ಲೆನ್‌ನಂಥ ದಲ್ಲಾಳಿಗೆ ಮೈನ್ ಎಲ್ಲಿದೆಯೆಂದೂ ಗೊತ್ತಿರುವುದಿಲ್ಲ. ಬೋರ್ಡು ಬಿಚ್ಚುವ ಮೊದಲು, ಎದೆ ಹೊಡೆದುಕೊಳ್ಳುತ್ತಿರುವಾಗಲೂ, ಅಭ್ಯಾಸಬಲದಿಂದ ಮೈನಿನತ್ತ ಕೈ ಹೋಗುವುದು ಒಂದೇ ಜಾತಿಗೆ.

ವೈರ್‌ಮನ್ನುಗಳಿಗೆ.

"ಡಾಟ್, ಲೆನ್‌ಗೆ ಯಾರ ಮೇಲಾದ್ರೂ ದ್ವೇಷ? ಯಾರಿಗಾದ್ರೂ ಲೆನ್ ಮೇಲೆ?"

"ಇಡೀ ಊರಿನ ಮಕ್ಕಳಿಗೆ ಮರದ ರೈಲು ಮಾಡ್ಕೊಡ್ತೀನಿ ಅಂತ ಲೇತ್ ತರ್ಸಿದವನು ಅವನು." ಅವರು ಕುರ್ಚಿಯ ತುದಿಗೆ ಕುಳಿತರು. "ಆದ್ರೆ ಅವನ ತಂಬಾಕಿನ ಡಬ್ಬಿ ಕಾಣ್ತಿಲ್ಲ. ಶೆಡ್ಡಿನ ಕಿಟಕಿ ಪಕ್ಕ ಇರ್ತಿತ್ತು. ಅದರಲ್ಲಿ ಒಂದು ಕೆಂಪು ಚೀಟಿ ಇಟ್ಟಿದ್ದ."

"ಪವರ್‌ಹೌಸಿಂದಾ?"

"ಹೂಂ. ಅಲ್ಲಿ ಲೈನ್ ಮೇಲೆ ಕೆಲಸ ಮಾಡೋವ್ನು ತನ್ನ ಹೆಸರಿನ ಕೆಂಪು ಚೀಟಿನ ಸ್ವಿಚ್ಚಿಗೆ ನೇತು ಹಾಕ್ತಿದ್ದ. ಹಾಕಿದವನೇ ತೆಗೀಬೇಕು, ಬೇರೆಯವರು ಮುಟ್ಟಂಗಿಲ್ಲ. ಎಂಬತ್ತಾರನೇ ಇಸವೀಲಿ ಕೆಲ್ವಿನ್ ಡ್ರೇ ಅಂತ ಒಬ್ಬ ಹುಡುಗ ಲೈನ್ ಮೇಲೆ ಇರೋವಾಗ್ಲೇ ಯಾರೋ ಸ್ವಿಚ್ ಹಾಕ್ಬಿಟ್ರು, ಅಲ್ಲೇ ಸತ್ತ. ಅವನು ಚೀಟಿನೇ ಹಾಕಿರ್ಲಿಲ್ಲ, ಅವನದೇ ತಪ್ಪು ಅಂತ ಬರೆದು ಮುಗ್ಸಿದ್ರು. ಹೋದ ವರ್ಷ ಹಳೇ ಲಾಕರುಗಳನ್ನ ಒಡೆಯೋವಾಗ ಲೆನ್‌ಗೆ ಆ ಚೀಟಿ ಸಿಕ್ತು. ಕೆಲ್ವಿನ್ ಹೆಸರಿಂದು. ಬೇರೆ ಯಾರದೋ ಲಾಕರಲ್ಲಿ. ಅಂದ್ರೆ ಅದನ್ನ ತೆಗೆದು ಬಚ್ಚಿಟ್ಟವನು ಅವನೇ."

"ಯಾರ ಲಾಕರಲ್ಲಿ?"

"ಹೇಳ್ಲಿಲ್ಲ ಕಂದಾ. 'ಮೊದಲು ಅವನ ಬಾಯಿಂದಾನೇ ಕೇಳ್ತೀನಿ, ಅವನಿಗೊಂದು ಅವಕಾಶ ಕೊಡ್ಬೇಕು' ಅಂದ."

ನೀರು ಕುದಿದು ಉಕ್ಕಿತು. ಡಾಟ್ ಎದ್ದು ಒಲೆ ಆರಿಸಿದರು.

ಆಮೇಲೆ ಫೋನು ತೆಗೆದು ಅವನ ಮುಂದಿಟ್ಟರು. "ಆ ಪುಸ್ತಿಕೆ ಫೋಟೋಗೆ ಗ್ಲೆನ್ ಅಷ್ಟು ಎಗರಾಡ್ದ. ಪೂರ್ತಿ ಫೋಟೋ ಇದು, ನಾನೇ ತೆಗೆದಿದ್ದು. ಅವನು ಹಾಗೆ ನಕ್ಕಿದ್ದು ನೋಡಿ ಎಷ್ಟು ವರ್ಷ ಆಗಿತ್ತು ಅಂತೀಯಾ. ಎಳೆ ಮಗು ಥರ. ಯಾಕೆ ನಗ್ತಿದಾನೆ ಅಂತ ನಿಂಗೆ ಗೊತ್ತಲ್ಲ?"

ಗೊತ್ತಿತ್ತು. ಬೇಕೆಂದೇ ಮರೆತಿದ್ದ.

ಮಂಗಳವಾರ ಪ್ಲಗ್ ಪಾಯಿಂಟಿನ ಮುಚ್ಚಳಕ್ಕೆ ಮೂರು ಸ್ಕ್ರೂ ಹಾಕಿ ನಾಲ್ಕನೆಯದಕ್ಕೆ ಕೈಯಿಟ್ಟಾಗ ಲೆನ್ ತಡೆದಿದ್ದ. "ಏಯ್, ನಿಲ್ಲು! ನಮ್ಮ ಪವರ್‌ಹೌಸಲ್ಲಿ ಕೊನೇ ಬೋಲ್ಟು ಹಿರಿಯವನ ಹಕ್ಕು. ಕೊಡಿಲ್ಲಿ!" ಲೈಸನ್ಸ್ ಇಲ್ಲದವನ ಕೈಗೆ ಸ್ಕ್ರೂಡ್ರೈವರ್ ಕೊಡಬಾರದು, ಈ ರಾಜ್ಯದಲ್ಲಿ ಅದೇ ಒಂದು ಕೇಸು. ಆದರೆ ಎಪ್ಪತ್ತೆರಡರ ಮುದುಕ, ನಡುಗುವ ಕೈ, ಹೊಳೆಯುವ ಕಣ್ಣು. ಕೊಟ್ಟಿದ್ದ. ಲೆನ್ ತಿರುಗಿಸಿದ್ದ. ಡಾಟ್ ಫೋಟೋ ತೆಗೆದಿದ್ದರು.

ಪೊಲೀಸ್ ಡಿಟೆಕ್ಟಿವ್ ಮೆಲೆ ತೌಫಾ ಎಂಬಾಕೆ ಠಾಣೆಯಲ್ಲಿ ಕೂರಿಸಿ ಕೇಳಿದಾಗ ಅವನು ಹೆದರಿ ಸುಳ್ಳು ಹೇಳಿದ್ದ. "ಬೇರೆ ಯಾರೂ ಮುಟ್ಟಿಲ್ಲ. ನಾಲ್ಕು ಸ್ಕ್ರೂನೂ ನಾನೇ ಹಾಕಿದ್ದು, ನಾಲ್ಕರ ಸೀಳೂ ನೆಟ್ಟಗೆ. ಅದು ನನ್ನ ಸಹಿ ಇದ್ದಂಗೆ, ಬೇಕಾದ್ರೆ ನೋಡಿ." ಆಕೆ ಬರೆದುಕೊಂಡಿದ್ದಳು. ಎರಡು ದಿನ ಬಿಟ್ಟು ಇಷ್ಟೇ ಹೇಳಿದಳು: "ನೀನು ಹೇಳಿದ್ದು ಸರಿ. ನಿನ್ನ ನಂತರ ಆ ಡಬ್ಬಿ ಯಾರೂ ತೆರೆದ ಗುರುತಿಲ್ಲ."

ಅವನು ಫೋಟೋದ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿದ. ಮುದುಕನ ನಗು ಪಕ್ಕಕ್ಕೆ ಸರಿಯಿತು. ಬೂದು ಬಣ್ಣದ ಮುಚ್ಚಳ ಹತ್ತಿರ ಬಂತು. ಮೇಲಿನ ಎರಡು ಸ್ಕ್ರೂಗಳ ತಲೆಯ ಸೀಳು ನೆಟ್ಟಗೆ, ಗೋಡೆಗೆ ಬರೆದ ಗೆರೆಯ ಹಾಗೆ. ಕೆಳಗೆ ಎಡದ್ದೂ ನೆಟ್ಟಗೆ. ಕೆಳಗೆ ಬಲಕ್ಕೆ, ಲೆನ್‌ನ ಸ್ಕ್ರೂ ಮಾತ್ರ ಓರೆ. ಗಡಿಯಾರದ ಮುಳ್ಳು ಎರಡು ಗಂಟೆಗೆ ನಿಂತಷ್ಟು ಓರೆ. ಸರಿ ಮಾಡಬೇಕೆಂದು ಕೈ ತುರಿಸಿತ್ತು. ಮುದುಕನ ಮುಖ ನೋಡಿ ಹಾಗೇ ಬಿಟ್ಟಿದ್ದ.

ಅವನು ಫೋನು ಹಿಡಿದೇ ಎದ್ದ.

"ಡಾಟ್. ಈ ಫೋನು ಸ್ವಲ್ಪ ಇಟ್ಕೋತೀನಿ."

ಹಿತ್ತಲಿನ ಹುಲ್ಲಿನ ಮಧ್ಯೆ, ಮನೆಯಿಂದ ಶೆಡ್ಡಿನ ತನಕ, ಮೊಣಕಾಲಿನಷ್ಟು ಆಳ ತೋಡಿ, ವೈರ್ ಹೂತು ತಾನೇ ಮುಚ್ಚಿದ ಮಣ್ಣಿನ ಗೆರೆ ಇನ್ನೂ ಹಸಿ ಗಾಯದಂತೆ ಕಾಣುತ್ತಿತ್ತು. ಅದರ ಮೇಲೆ ಕಾಲಿಡಲು ಜೇಡನ್‌ಗೆ ಧೈರ್ಯ ಬರಲಿಲ್ಲ. ಪಕ್ಕದಲ್ಲಿ ನಡೆದ. ನಿಂಬೆಮರ ದಾಟಿದ. ಶೆಡ್ಡಿನ ಬಾಗಿಲಿಗೆ ಪೊಲೀಸರ ಪಟ್ಟಿ ಅಡ್ಡ ಬಿಗಿದಿತ್ತು; ಅದನ್ನು ಮುಟ್ಟಿದರೆ ಸೋಮವಾರದ ತನಕವೂ ಕಾಯುವುದಿಲ್ಲ ಅವರು. ಅವನು ಕಿಟಕಿಗೆ ಹೋದ.

ಗಾಜಿಗೆ ಮರದ ಪುಡಿ. ಅಂಗೈ ಅಡ್ಡ ಹಿಡಿದು ಒಳಗೆ ನೋಡಿದ. ಕಿಟಕಿಯ ಪಕ್ಕದ ಹಲಗೆಯ ಮೇಲೆ ಧೂಳಿನ ನಡುವೆ ದುಂಡಗಿನ ಒಂದು ಖಾಲಿ ಜಾಗ. ತಂಬಾಕಿನ ಡಬ್ಬಿ ಇದ್ದ ಜಾಗ. ಬಟ್ಟೆ ಹೊದ್ದು ಕೂತ ಲೇತ್, ಹೆಣದ ಹಾಗೆ. ಅದರ ಹಿಂದಿನ ಗೋಡೆಗೆ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಬಿಸಿಲಲ್ಲಿ ಬೂದು ಬಣ್ಣದ ಮುಚ್ಚಳ.

ಮೇಲಿನ ಎರಡು, ನೆಟ್ಟಗೆ.

ಕೆಳಗಿನ ಎಡದ್ದು, ನೆಟ್ಟಗೆ.

ಕೆಳಗಿನ ಬಲದ್ದು...

ಅವನ ಉಸಿರಿಗೆ ಗಾಜು ಮಸುಕಾಯಿತು. ತೋಳಿನಿಂದ ಒರೆಸಿ ಮತ್ತೆ ನೋಡಿದ. ಫೋನು ನೋಡಿದ. ಮತ್ತೆ ಗೋಡೆ ನೋಡಿದ.

ನೆಟ್ಟಗೆ. ನಾಲ್ಕೂ ನೆಟ್ಟಗೆ. ನೂಲು ಹಿಡಿದ ಹಾಗೆ.

ಪ್ಲಗ್ಗಿನ ಡಬ್ಬಿ ಬಿಚ್ಚಿದ್ದಾರೆ. ಬಿಚ್ಚಿ, ಒಳಗೆ ಸಾವನ್ನು ಜೋಡಿಸಿ, ಮತ್ತೆ ಮುಚ್ಚಿದ್ದಾರೆ. ಮುಚ್ಚುವಾಗ ನಾಲ್ಕನೆಯ ಸ್ಕ್ರೂ ಓರೆಯಾಗಿತ್ತೆಂಬುದನ್ನು ಆ ಕೈ ಗಮನಿಸಲೇ ಇಲ್ಲ. ಗಮನಿಸಿದರೂ ಹಾಗೆ ಬಿಡಲು ಆ ಕೈಗೆ ಆಗುತ್ತಿರಲಿಲ್ಲ.

ಈ ಕಣಿವೆಯಲ್ಲಿ ಇನ್ನೂರು ವೈರ್‌ಮನ್ನುಗಳಿದ್ದಾರೆ. ಬಿಗಿಯಾದರೆ ಸಾಕು, ಸೀಳು ಎತ್ತ ನೋಡಿದರೆ ಯಾರಿಗೇನು ಎನ್ನುವವರೇ ಎಲ್ಲ. ಒಂದೇ ಒಂದು ವರ್ಕ್‌ಶಾಪಿನಲ್ಲಿ ಮಾತ್ರ ಓರೆ ಸ್ಕ್ರೂ ಬಿಟ್ಟರೆ ಸ್ಕ್ರೂಡ್ರೈವರಿನ ಹಿಡಿಯಿಂದ ಬೆರಳ ಗೆಣ್ಣಿಗೆ ಏಟು ಬೀಳುತ್ತಿತ್ತು. 'ನಿಂತ ಸೀಳಲ್ಲಿ ನೀರು ನಿಲ್ಲಲ್ಲ, ಧೂಳು ಕೂರಲ್ಲ. ಬೇರೆಯವರು ಕೈ ಹಾಕಿದ್ರೆ ನಿಂಗೆ ತಕ್ಷಣ ಗೊತ್ತಾಗುತ್ತೆ.' ಆ ಏಟು ತಿಂದು ಕಲಿತವನು ಒಬ್ಬ. ಏಟು ಕೊಟ್ಟು ಕಲಿಸಿದವನು ಒಬ್ಬ. ನರ್ಲಾಬಿಯಲ್ಲಿ ಅಂಥ ಕೈಗಳು ಎರಡೇ ಜೊತೆ.

ಇಲ್ಲ, ಎಂದುಕೊಂಡ. ಇಲ್ಲ ಇಲ್ಲ ಇಲ್ಲ.

"ಏನ್ ಸಿಕ್ತು ಮಗಾ?"

ಜೇಡನ್‌ನ ಹಣೆ ಗಾಜಿಗೆ ಬಡಿಯಿತು.

ನಿಂಬೆಮರದ ಕೆಳಗೆ ವಿಮ್ ನಿಂತಿದ್ದ. ಗೌರವ ಅನ್ನುವುದು ಜೇಡನ್‌ನ ಒಳಗೆಲ್ಲೋ ಆಗಲೇ ಕಳಚಿ ಬಿದ್ದಿತ್ತು. ವಿಮ್‌ನ ಕೈಯಲ್ಲಿ ಬೆಳ್ಳಿ ಕಾಗದ ಮುಚ್ಚಿದ ತಟ್ಟೆ. ಯಾವಾಗ ಬಂದ, ಎಷ್ಟು ಹೊತ್ತಿನಿಂದ ನಿಂತಿದ್ದಾನೆ, ಒಂದೂ ಗೊತ್ತಿಲ್ಲ. ಅರವತ್ತಾರು ವರ್ಷದವನ ದಪ್ಪ ಬೂಟಿನ ಕಾಲು ಹುಲ್ಲಿನ ಮೇಲೆ ಬೆಕ್ಕಿನಂತೆ ಬಂದಿತ್ತು.

"ನೀನು ಏನೂ ತಿನ್ಲಿಲ್ಲ. ಅದಕ್ಕೇ ಒಂದಿಷ್ಟು ಕಟ್ಟಿಸ್ಕೊಂಡು ಬಂದೆ. ಲ್ಯಾಮಿಂಗ್ಟನ್ ಕೇಕೂ ಇದೆ, ನಿಂಗಿಷ್ಟ ಅಲ್ವಾ?"

ಜೇಡನ್ ಫೋನನ್ನು ತೊಡೆಗೆ ಒತ್ತಿಕೊಂಡ. "ಹಸಿವಿಲ್ಲ ಬಾಸ್."

"ಕೇಳಿದ್ದು ಅದಲ್ಲ. ಕಿಟಕೀಲಿ ಏನ್ ನೋಡ್ತಿದ್ದೆ?"

"ಸುಮ್ನೆ. ನಾನು ಮಾಡಿದ ಕೆಲಸ."

"ನೋಡ್ಬೇಡ. ನೋಡಿದಷ್ಟೂ ತಲೆ ಕೆಡುತ್ತೆ." ವಿಮ್ ಹತ್ತಿರ ಬಂದ. ತಟ್ಟೆಯನ್ನು ಕಿಟಕಿಯ ಅಂಚಿಗಿಟ್ಟ. ಜೇಡನ್‌ಗೂ ಮನೆಗೂ ನಡುವೆ ಈಗ ಅವನಿದ್ದ. "ಸೋಮವಾರ ನಾನು ಹೇಳಿದಂಗೆ ಹೇಳ್ತೀಯ ತಾನೇ?"

"ಯೋಚನೆ ಮಾಡ್ತಿದೀನಿ."

"ಏನ್ ಯೋಚನೆ? ನಿನಗಾಗಿ ಒಂಬತ್ತು ವರ್ಷ ಯೋಚನೆ ಮಾಡಿದ್ದು ನಾನು. ಜೈಲಿಗೆ ಹೋಗೋವ್ನನ್ನ ಮನುಷ್ಯ ಮಾಡಿದ್ದು ನಾನು. ಮಾಡಿಲ್ಲ ಅಂತೀಯಾ?"

"ಮಾಡಿದೀರ."

"ಮತ್ತೆ?"

ಮಾತಾಡುತ್ತಲೇ ವಿಮ್‌ನ ಕಣ್ಣು ಕಿಟಕಿಯ ಚೌಕಟ್ಟಿನ ಮೇಲೆ ನಿಂತಿತು. ಅಲ್ಲಿ ಒಂದು ಹಳೇ ಕಬ್ಬಿಣದ ಚಿಲಕ, ಚಿಲಕಕ್ಕೆ ಎರಡು ತುಕ್ಕು ಸ್ಕ್ರೂ. ಒಂದು ಓರೆ. ಅವನ ಬಲಗೈ ಅವನನ್ನು ಕೇಳದೆಯೇ ಎದೆಯ ಜೇಬಿಗೆ ಹೋಯಿತು. ಗೇಣುದ್ದದ ಸ್ಕ್ರೂಡ್ರೈವರ್ ಹೊರಗೆ ಬಂತು. ಚರ್ಚಿಗೂ ಮಸಣಕ್ಕೂ ಆ ಜೇಬಿನಲ್ಲೇ ಹೋಗಿ ಬಂದದ್ದು.

"ಡಾಟ್ ಏನಾದ್ರೂ ಹೇಳಿದ್ಳಾ? ಪಾಪ, ಅವಳಿಗೆ ಈಚೆಗೆ ನೆನಪು ಸರಿ ಇಲ್ಲ. ಗಡಿಯಾರ ಅದೂ ಇದೂ ಅಂತ ಏನೇನೋ ಹೇಳ್ತಿರ್ತಾಳಂತೆ."

ಕರ್... ಎಂದು ತುಕ್ಕು ನರಳಿತು. ಸೀಳು ಇಷ್ಟಿಷ್ಟೇ ತಿರುಗಿತು. ನೆಟ್ಟಗೆ ನಿಂತಿತು. ವಿಮ್ ಹೆಬ್ಬೆರಳಿನಿಂದ ಅದರ ತಲೆಯನ್ನು ಸವರಿ ಸ್ಕ್ರೂಡ್ರೈವರನ್ನು ಜೇಬಿಗೆ ಇಳಿಸಿದ.

ಜೇಡನ್ ಆ ಹೆಬ್ಬೆರಳನ್ನೇ ನೋಡುತ್ತಿದ್ದ. ಎವೆ ಇಕ್ಕದೆ. ನೋಡಬಾರದೆಂದು ಗೊತ್ತಿತ್ತು. ಕಣ್ಣು ಕೇಳಲಿಲ್ಲ.

ವಿಮ್ ತಲೆಯೆತ್ತಿದ.

ಮುದುಕ ಮೊದಲು ಹುಡುಗನ ಮುಖ ನೋಡಿದ. ಆಮೇಲೆ ತಾನು ತಿರುಗಿಸಿದ ಸ್ಕ್ರೂ. ಆಮೇಲೆ ನಿಧಾನವಾಗಿ, ಮಸುಕಾ‌ದ ಗಾಜು ಒರೆಸಿದ ಜಾಗ, ಅದರಾಚೆಯ ಬಿಸಿಲು, ಬಿಸಿಲಲ್ಲಿ ಬೂದು ಮುಚ್ಚಳ. ಅವನ ತುಟಿಗಳು ಅಲುಗಿದವು, ಎಣಿಸುವವನ ಹಾಗೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ಸರಿಯಾಗಿದ್ದವು. ಯಾವುದು ತಪ್ಪಿದೆಯೆಂದು ಅವನಿಗೆ ಇನ್ನೂ ಹೊಳೆದಿರಲಿಲ್ಲ.

"ಬಿಸಿನೀರು ಆರ್ತಾ ಇದೆ! ಚಹಾ ಕುಡೀರಿ ಬನ್ರೋ ಇಬ್ರೂ!" ಅಡುಗೆಮನೆಯ ಬಾಗಿಲಲ್ಲಿ ಡಾಟ್. ಗಂಡನ ಸ್ವೆಟರು ಮೊಣಕಾಲ ತನಕ ಜೋತಿತ್ತು. ಇಷ್ಟು ದೊಡ್ಡ ಮನೆ, ಒಬ್ಬಂಟಿ ಮುದುಕಿ.

"ಬಂದ್ವಿ ಡಾಟ್!" ವಿಮ್ ತಿರುಗದೆಯೇ ಕೂಗಿದ. ದನಿ ಜೇನಿನಂತಿತ್ತು. ಆಮೇಲೆ ಅದೇ ದನಿ ತಗ್ಗಿತು. "ಒಂದು ಕೇಳ್ತೀನಿ, ನಿಜ ಹೇಳು. ಮಂಗಳವಾರ ಈ ಡಬ್ಬಿ ಮುಚ್ಚಿದ್ದು ನೀನೊಬ್ಬನೇ ತಾನೇ? ಬೇರೆ ಯಾರೂ ಮುಟ್ಟಿರ್ಲಿಲ್ಲ ತಾನೇ?"

ಜೇಡನ್ ಮನೆಯ ಬಾಗಿಲತ್ತ ನೋಡಿದ. ಬಾಯಿ ತೆರೆದರೆ ದನಿಯಲ್ಲೇ ಎಲ್ಲ ಚೆಲ್ಲಿಹೋಗುತ್ತದೆ. ತೊಡೆಗೆ ಒತ್ತಿದ ಫೋನು ಬೆವರಿನಲ್ಲಿ ಜಾರುತ್ತಿತ್ತು.

ವಿಮ್‌ನ ಕೋಟಿನ ಪಕ್ಕದ ಜೇಬಿನಿಂದ ಪ್ರಾರ್ಥನೆಯ ಪುಸ್ತಿಕೆ ಇಣುಕುತ್ತಿತ್ತು. ಎರಡಾಗಿ ಮಡಿಸಿದ್ದು. ಹಿಂಬದಿ ಹೊರಗೆ. ಲೆನ್‌ನ ನಗುವ ಹಲ್ಲುಗಳು ಕಾಣುತ್ತಿದ್ದವು. ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರು ಮಡಿಕೆಯೊಳಗೆ ಅಡಗಿತ್ತು.

"ಜೇಡನ್. ಕೇಳಿದ್ದು ಕೇಳ್ಸಿತಾ?"

ಜೇಡನ್ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ವಿಮ್‌ನ ಭುಜಕ್ಕೆ ಭುಜ ತಾಗಿತು. ಮುದುಕ ಅಲುಗಲಿಲ್ಲ, ತಡೆಯಲೂ ಇಲ್ಲ. ಓಡಬೇಡ ಎಂದು ಕಾಲಿಗೆ ಹೇಳಿದ. ಮಣ್ಣಿನ ಹಸಿ ಗೆರೆಯ ಮೇಲೆಯೇ, ಬಾಗಿಲಲ್ಲಿ ನಿಂತ ಡಾಟ್ ಕಡೆಗೆ, ಬೆನ್ನನ್ನು ಅವನಿಗೆ ಕೊಟ್ಟು ನಡೆದ. ಇಪ್ಪತ್ತು ಹೆಜ್ಜೆ. ಹದಿನೈದು.

ಹಿಂದೆ ಹೆಜ್ಜೆಯ ಸದ್ದಿಗಾಗಿ ಅವನ ಬೆನ್ನೆಲ್ಲ ಕಿವಿಯಾಗಿತ್ತು. ಹೆಜ್ಜೆ ಕೇಳಲಿಲ್ಲ.

ಕೇಳಿದ್ದು ಪ್ರಾರ್ಥನೆಯ ಪುಸ್ತಿಕೆಯ ಗಟ್ಟಿ ಕಾಗದದ ಮಡಿಕೆ ಬಿಚ್ಚಿಕೊಳ್ಳುವ ಸದ್ದು.